ನೀಲಿ ಕಾಳು, ಗುಲಾಬಿ ಕಾಳು

ಮದುವೆಯ ಪತ್ರಿಕೆಯೊಂದು ಅಚ್ಚಿಗೆ ಹೋಗಬೇಕಾದ ದಿನವೇ ನನ್ನ ಕಂಪ್ಯೂಟರ್ ಮುನಿಸಿಕೊಂಡಿತು. ಗುಂಡಿ ಒತ್ತಿದರೆ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಒಳಗಿನಿಂದ ಪೀಂ, ಪೀಂ, ಪೀಂ ಎಂದು ಮೂರು ಸಲ ಕೂಗು. ಹೊರಗೆ ವಾರದಿಂದ ಬಿಡದೆ ಸುರಿಯುತ್ತಿದ್ದ ಜುಲೈ ಮಳೆ.

ಕುಷಾಯಿಗೂಡದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಕನ್ನಡ ಡಿಟಿಪಿ ಮಾಡುತ್ತೇನೆ. ಹೈದರಾಬಾದಿನ ಕನ್ನಡ ಮನೆಗಳ ಮದುವೆ, ಮುಂಜಿವೆ, ಮನೆಶಾಂತಿ ಎಲ್ಲದರ ಪತ್ರಿಕೆ ನನ್ನ ಕೈಯಿಂದ ಹಾದುಹೋಗುತ್ತದೆ. ತೆಲುಗು, ಹಿಂದಿ ಟೈಪು ಮಾಡುವವರು ಗಲ್ಲಿಗೊಬ್ಬರಿದ್ದಾರೆ. ಕನ್ನಡದ ಒತ್ತಕ್ಷರವನ್ನು ಅದರ ಜಾಗದಲ್ಲಿ ಕೂರಿಸುವವರು ಕಡಿಮೆ. ಗಂಡನದು ಊರೂರು ತಿರುಗುವ ನೌಕರಿ. ಹಗಲಿಡೀ ಮನೆಯಲ್ಲಿ ನಾನು, ಅತ್ತೆ, ಮಾವ ಮೂವರೇ.

ಅಮೀರ್‌ಪೇಟ್‌ನಿಂದ ರಿಪೇರಿಯವರನ್ನು ಕರೆಸಿದೆ. ಐವತ್ತು ದಾಟಿದ ಹೆಂಗಸು. ಹಿಂದೆ ಅಲ್ಲಿಯ ಕೋಚಿಂಗ್ ಸೆಂಟರೊಂದರಲ್ಲಿ ಕಂಪ್ಯೂಟರ್ ಬಿಚ್ಚಿ ಜೋಡಿಸುವುದನ್ನು ಕಲಿಸುತ್ತಿದ್ದರಂತೆ. ತವರು ಬೀದರ ಕಡೆ, ಹಾಗಾಗಿ ಮನೆಗೆ ಬಂದೊಡನೆ ಕನ್ನಡಕ್ಕೆ ಇಳಿದರು. ಕಂಪ್ಯೂಟರ್ ಡಬ್ಬಿಯ ಪಕ್ಕದ ತಗಡು ತೆಗೆದು, ಒಳಗಿನಿಂದ ಬೆರಳುದ್ದದ ಹಸಿರು ಪಟ್ಟಿಯೊಂದನ್ನು ಕಿತ್ತು, ಚೀಲದಿಂದ ಶಾಲೆಯ ಮಕ್ಕಳ ರಬ್ಬರ್ ತೆಗೆದು ಅದರ ಹೊಂಬಣ್ಣದ ಅಂಚನ್ನು ತಿಕ್ಕಿದರು. ಮತ್ತೆ ಸಿಕ್ಕಿಸಿ ಗುಂಡಿ ಒತ್ತಿದರು. ಪರದೆ ಬೆಳಗಿತು.

"ರಬ್ಬರ್‌ಲೆ ಅಳಿಸಿದ್ರ ರೋಗ ಹೋಗತೈತೇನ?" ಎಂದು ಅತ್ತೆ ಮೂಗಿನ ಮೇಲೆ ಬೆರಳಿಟ್ಟರು.

"ತೇವಾ ಕುಂತು ಜಂಗು, ತುಕ್ಕು ಹಿಡಿದದ ಅಮ್ಮಾ. ಮೇಜು ಗ್ವಾಡಿಗೆ ಹತ್ತಿದ್ದು ಈ ಕಡೆ ಸರಸ್ರಿ. ಕೆಲಸ ಇರಲಿ, ಬಿಡಲಿ, ದಿನಾ ಒಂದು ತಾಸು ಚಾಲೂ ಇಡ್ರಿ. ಒಳಗ ಬೆಚ್ಚಗಿತ್ತಂದ್ರ ತೇವಾ ನಿಲ್ಲಂಗಿಲ್ಲ" ಎಂದು ಹೇಳಿ ಅವರು ಹೋದರು.

ಅವರು ಹೇಳಿದ್ದರಲ್ಲಿ ಮಾವನ ಕಿವಿಗೆ ಬಿದ್ದದ್ದು ಒಂದೇ ಶಬ್ದ, ತೇವ. ಮಾವ ನೌಕರಿಯ ಅಷ್ಟೂ ವರ್ಷ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಉಗ್ರಾಣದಲ್ಲಿ ಬಿಡಿಭಾಗಗಳನ್ನು ಕಾಯ್ದವರು. ಅವರಿದ್ದಷ್ಟು ಕಾಲ ಒಂದು ಡಬ್ಬಿಯೂ ತೇವ ತಗುಲಿ ಕೆಟ್ಟಿರಲಿಲ್ಲ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ನಿವೃತ್ತಿಯಾದ ಮೇಲೆ ಅವರಿಗೆ ಶತ್ರುವೇ ಇರಲಿಲ್ಲ. ಈಗ ಹಳೆಯ ಶತ್ರು ಮನೆಬಾಗಿಲಿಗೇ ಬಂದಿದ್ದ.

"ಸಿಲಿಕಾ ಜೆಲ್ ಬೇಕವಾ," ಎಂದರು. "ಹೊಸ ಬೂಟಿನ ಡಬ್ಬ್ಯಾಗ ಪುಡಕಿ ಇರತಾವಲ್ಲ, ಅವು. ನಡಿ, ಹಿಮಾಯತ್‌ನಗರಕ್ಕ ಹೋಗೂಣು."

ಅಚ್ಚುಮನೆಗೆ ಪ್ರೂಫ್ ಕೊಡಲು ನಾನೂ ಆ ಕಡೆಗೇ ಹೊರಟಿದ್ದೆ. ಬೂಟಿನ ಅಂಗಡಿಯವನು ಮಾವನ ಪಾದ ನೋಡಿ, "ಕಿತ್ನೆ ನಂಬರ್ ಕಾ ಹೋನಾ ಚಚಾ?" ಎಂದ.

"ನಂಬರ್ ನಕ್ಕೋ ಮಿಯಾಂ, ಪುಡಿಯಾ ಹೋನಾ," ಎಂದರು ಮಾವ.

ಬೂಟು ಬೇಡ, ಅದರೊಳಗಿನ ಪೊಟ್ಟಣ ಮಾತ್ರ ಬೇಕು ಎನ್ನುವ ಗಿರಾಕಿಯನ್ನು ಅವನು ಹಿಂದೆಂದೂ ಕಂಡಿರಲಿಲ್ಲ. ನನ್ನ ಮುಖ ನೋಡಿದ. ನಾನು ಗೋಡೆಗೆ ನೇತುಹಾಕಿದ್ದ ಚಪ್ಪಲಿಗಳನ್ನು ನೋಡತೊಡಗಿದೆ. ಕೊನೆಗೆ ಅಂಗಡಿಯವನ ಮನಸ್ಸು ಕರಗಿ, ಖಾಲಿ ಡಬ್ಬಿಗಳನ್ನೆಲ್ಲ ಕೊಡವಿ ಒಂದು ಚೀಲದಷ್ಟು ಪೊಟ್ಟಣ ಕೊಟ್ಟ. ಸಂಕೋಚಕ್ಕೆ ನಾನು ಬೇಡದ ಒಂದು ಜೋಡಿ ಚಪ್ಪಲಿ ಕೊಂಡೆ.

ಮನೆಗೆ ಬಂದು ಪೊಟ್ಟಣ ಹರಿದು ನೋಡಿದರೆ ಒಳಗೆ ಬಿಳಿ ಕಾಳು. ಮಾವನ ಮುಖ ಬಾಡಿತು. "ಬಿಳೇವು ಹೊಟ್ಟಿ ತುಂಬಿದ್ರೂ ಹೇಳಂಗಿಲ್ಲ. ನೀಲಿ ಬೇಕು. ನೀಲಿ ಖರೇ ಹೇಳತಾವ. ತೇವಾ ಕುಡದ್ರ ಗುಲಾಬಿ ಆಕ್ಕಾವ, ಹುರದ್ರ ಮತ್ತ ನೀಲಿ."

ಎಲ್ಲಿಂದಲೋ ಎರಡು ಡಬ್ಬಿ ನೀಲಿ ಕಾಳು ತಂದೇಬಿಟ್ಟರು. ಹಳೆಯ ಧೋತರ ಹರಿದು ಚಿಕ್ಕ ಚಿಕ್ಕ ಚೀಲ ಹೊಲಿದರು. ಕಂಪ್ಯೂಟರಿನ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಚೀಲಗಳು ತೂಗಾಡಿದವು. ಹರಕೆ ಹೊತ್ತವರು ಬೇವಿನ ಮರಕ್ಕೆ ಕಟ್ಟಿದ ಗಂಟುಗಳ ಹಾಗೆ ಕಾಣುತ್ತಿತ್ತು.

ಅಡುಗೆಮನೆಯಲ್ಲಿ ಬೇರೆ ಯುದ್ಧ.

"ನನ್ನ ರೊಟ್ಟಿ ಹಂಚಿನ ಮ್ಯಾಲೆ ಆ ವಿಷಾ ಹುರಿಯಾಕ ಬಿಡಂಗಿಲ್ರಿ!" ಎಂದು ಅತ್ತೆ ಹಂಚನ್ನು ಎದೆಗವಚಿಕೊಂಡರು.

"ಹಂಗಾರ ನನಗ ಬ್ಯಾರೆ ಹಂಚು ಕೊಡು."

"ನಿಮಗ ಬ್ಯಾರೆ ಹಂಚು, ಬ್ಯಾರೆ ಒಲಿ, ಬ್ಯಾರೆ ಮನಿ!"

ಕೊನೆಗೆ ಅಂಚು ಒಡೆದ ಹಳೆಯ ಬಾಣಲೆಯೊಂದಕ್ಕೆ ಕೆಂಪು ಬಣ್ಣ ಬಳಿದು, ಇದನ್ನು ಅಡುಗೆಗೆ ಯಾರೂ ಮುಟ್ಟಕೂಡದು ಎಂದು ತೀರ್ಮಾನವಾಯಿತು. ಹಿತ್ತಿಲಲ್ಲಿ ಹಳೆಯ ಒಂಟಿ ಸ್ಟೋವ್ ಹೂಡಿ ಮಾವ ಕಾಳು ಹುರಿಯತೊಡಗಿದರು. ದಿನಾ ಬೆಳಿಗ್ಗೆ ತಪಾಸಣೆ. ಬಣ್ಣ ತಿರುಗಿದರೆ ದೊಡ್ಡ ದನಿಯಲ್ಲಿ ವರದಿ. ಒಮ್ಮೆ ಒಬ್ಬ ತಾಯಿ ಮಗಳ ಮದುವೆಯ ಪತ್ರಿಕೆ ಬರೆಸಲು ಕೂತಿದ್ದಾಗ ಹಿತ್ತಿಲಿನಿಂದ, "ಪೂರಾ ಗುಲಾಬಿ ಆತವಾ!" ಎಂದು ಕೂಗಿದರು.

ಆ ತಾಯಿ ಗಾಬರಿಯಾಗಿ, "ಗುಲಾಬಿ ಬ್ಯಾಡ್ರಿ, ನಮಗ ಹಳದಿ ಕಾರ್ಡೇ ಬೇಕು," ಎಂದರು.

ಮಳೆಗಾಲ ಕಳೆಯಿತು, ಕಂಪ್ಯೂಟರ್ ಒಮ್ಮೆಯೂ ಪೀಂ ಎನ್ನಲಿಲ್ಲ. ಮೇಜನ್ನು ಗೋಡೆಯಿಂದ ಸರಿಸಿದ್ದಕ್ಕೋ, ದಿನಾ ಚಾಲೂ ಇಟ್ಟಿದ್ದಕ್ಕೋ ಎಂದು ನನಗನಿಸಿದರೂ ನಾನು ಬಾಯಿ ಬಿಡಲಿಲ್ಲ. ಮಾವ ಅಷ್ಟು ಸಂತೋಷವಾಗಿದ್ದರು.

ಏಪ್ರಿಲ್‌ನಲ್ಲಿ ಬಿಸಿಲು ಏರಿತು. ಮಾವ ಅಟ್ಟದಿಂದ ಕೂಲರ್ ಇಳಿಸಿ, ಅದರ ಪಕ್ಕದ ಜಾಲರಿಗೆ ಹೊಸ ಹುಲ್ಲು ತುಂಬಿಸಿ, ಮುಂದಿನ ಕೋಣೆಯ ಕಿಟಕಿಗೆ ಕೂರಿಸಿದರು. ಗಾಳಿ ನೇರ ನನ್ನ ಮೇಜಿಗೆ ಬರುವಂತೆ ಅದರ ಮುಖ ತಿರುಗಿಸಿ, "ಮಷೀನಿಗೂ ಝಳಾ ಹತ್ತತೈತವಾ, ಪಾಪ," ಎಂದರು. ತಮ್ಮ ಕುರ್ಚಿಯನ್ನೂ ಮೇಜಿನ ಪಕ್ಕಕ್ಕೆ ಎಳೆದುಕೊಂಡರು. ತಣ್ಣಗೆ ಕೂತು ಕೆಲಸ ಮಾಡುವ ಭಾಗ್ಯ ಬಂತೆಂದು ನಾನೂ ಹಿಗ್ಗಿದೆ.

ವಿಚಿತ್ರವೆಂದರೆ, ರಸ್ತೆಯ ಡಾಂಬರು ಕರಗುವ ಆ ಬಿಸಿಲಿನಲ್ಲೂ ಕಾಳುಗಳು ಸಂಜೆಯೊಳಗೆ ಗುಲಾಬಿಯಾಗುತ್ತಿದ್ದವು. ಮಾವ ಕಾಳಿನದೇ ದೋಷವೆಂದರು. "ಮುದಿ ಆಗ್ಯಾವ, ಶಕ್ತಿ ಸಾಲವಲ್ತು." ದಿನಕ್ಕೆ ಒಮ್ಮೆ ಹುರಿಯುತ್ತಿದ್ದವರು ಮೂರು ಸಲ ಹುರಿಯತೊಡಗಿದರು. ಹಿತ್ತಿಲಲ್ಲಿ ಬೆವರು ಸುರಿಸಿ ಹುರಿಯುವುದು, ಬಂದು ಕೂಲರ್ ಮುಂದೆ ಆರಿಸಿಕೊಳ್ಳುವುದು.

ಮೇ ತಿಂಗಳ ಒಂದು ಬೆಳಿಗ್ಗೆ ಮತ್ತೆ ಪೀಂ, ಪೀಂ, ಪೀಂ.

ಅಮೀರ್‌ಪೇಟ್‌ನವರು ಬಿಸಿಲಲ್ಲಿ ಬೆಂದು ಬಂದು, ಕೂಲರ್ ಎದುರು ಕೂತು, "ಹಾ, ಏನು ಥಂಡಗ ಅದ ಇಲ್ಲಿ!" ಎಂದು ಕಣ್ಣು ಮುಚ್ಚಿದರು. ಆಮೇಲೆ ಮೇಜಿನ ಮೇಲೆ ಕೈಯಿಟ್ಟವರು ಥಟ್ಟನೆ ಕಣ್ಣು ತೆರೆದರು. ಮೇಜು ಜಿಗಿಜಿಗಿ ಎನ್ನುತ್ತಿತ್ತು. ತೂಗುವ ಚೀಲಗಳನ್ನು ನೋಡಿದರು, ಕೂಲರ್ ನೋಡಿದರು, ಮಾವನನ್ನು ನೋಡಿದರು.

"ಕಾಕಾ, ಕೂಲರಿಗಿ ನೀರು ಎಷ್ಟು ಹಾಕ್ತೀರಿ?"

"ದಿನಾ ಆರು ಕೊಡಾ," ಎಂದರು ಮಾವ ಹೆಮ್ಮೆಯಿಂದ.

"ಆ ಆರು ಕೊಡಾ ನೀರು ಎಲ್ಲಿ ಹೋಗ್ತಾವ್ರಿ?"

ಮಾವ ಕೂಲರಿನಿಂದ ಮೇಜಿನವರೆಗೆ ಗಾಳಿಯ ದಾರಿಯನ್ನು ಬೆರಳಲ್ಲಿ ತೋರಿಸಿದರು. ಬೆರಳು ಗುಲಾಬಿ ಕಾಳಿನ ಚೀಲಕ್ಕೆ ಬಂದು ನಿಂತಿತು.

"ಈ ಚೀಲ ಮುಚ್ಚಿದ ಡಬ್ಬ್ಯಾಗ ಕೆಲಸ ಮಾಡ್ತಾವ ಕಾಕಾ. ತೆರೆದ ಕೋಣ್ಯಾಗ ಕಟ್ಟಿ, ಎದುರಿಗಿ ಕೂಲರಿನ ಹಸಿ ಗಾಳಿ ಬಿಟ್ಟರ ಅವಾದ್ರೂ ಏನ್ ಮಾಡಬೇಕು, ಪಾಪ?"

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ಒತ್ತಿದಷ್ಟೂ ನಗೆ ಹೆಚ್ಚಾಗಿ, ಕೊನೆಗೆ ಹೊಸ್ತಿಲ ಮೇಲೇ ಕೂತುಬಿಟ್ಟರು. ನಾನು ಮಾನಿಟರಿನ ಹಿಂದೆ ಮುಖ ಮರೆಸಿಕೊಂಡೆ.

ಕಂಪ್ಯೂಟರ್ ಮತ್ತೆ ರಬ್ಬರ್ ತಿಕ್ಕಿಸಿಕೊಂಡು ಎದ್ದಿತು. ಆದರೆ ಮಾವ ಕಾಣಲಿಲ್ಲ. ಹುಡುಕಿದರೆ ಹಿತ್ತಿಲಲ್ಲಿ, ಆರಿದ ಸ್ಟೋವಿನ ಮುಂದೆ ಸುಮ್ಮನೆ ಕೂತಿದ್ದರು. ನನಗೆ ನಕ್ಕದ್ದಕ್ಕೆ ಕೆಡುಕೆನಿಸಿತು.

"ಮಾವಾರ, ಒಳಗ ಬರ್ರಿ. ಚಾ ಆಗೇತಿ."

"ಉಗ್ರಾಣದಾಗ ಒಂದ ಡಬ್ಬಿನೂ ಕೆಟ್ಟಿರಲಿಲ್ಲ ನೋಡವಾ," ಎಂದರು ಮೆಲ್ಲಗೆ. ಕೆಂಪು ಬಾಣಲೆಯನ್ನು ಬೋರಲು ಹಾಕಿ, "ಅಲ್ಲಿ ಕೂಲರ್ ಕೊಟ್ಟಿರಲಿಲ್ಲ. ಭಾಳ ಸಲ ಕೇಳಿದ್ದೆ. ಕೊಟ್ಟಿದ್ರ ಅಲ್ಲೂ ಹಚ್ಚತಿದ್ದೆ," ಎಂದವರೇ ತಾವೇ ನಕ್ಕುಬಿಟ್ಟರು.

ಆ ಸಂಜೆಯೇ ಕೂಲರ್ ಅಡುಗೆಮನೆಯ ಕಿಟಕಿಗೆ ಹೋಯಿತು. ನೀಲಿ ಕಾಳು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಳೆಯ ಪತ್ರಿಕೆಗಳ ಪ್ರತಿ ಇಟ್ಟಿರುವ ನನ್ನ ಬಿಡಿ ಹಾರ್ಡ್ ಡಿಸ್ಕಿನ ಜೊತೆ ಕೂತಿತು, ತಿಂಗಳಾದರೂ ನೀಲಿಯಾಗೇ ಇದೆ. ಮುಂದಿನ ಕೋಣೆಯಲ್ಲಿ ನಾನು ಬರೀ ಫ್ಯಾನಿನ ಕೆಳಗೆ ಬೇಯುತ್ತ ಅಕ್ಷರ ಜೋಡಿಸುತ್ತೇನೆ.

ಗಾಳಿ ಹೋದಲ್ಲಿಗೆ ಮಾವನ ಕುರ್ಚಿಯೂ ಹೋಯಿತು. ಇಷ್ಟು ವರ್ಷ ಅಡುಗೆಮನೆಗೆ ಊಟಕ್ಕಷ್ಟೇ ಬರುತ್ತಿದ್ದವರು ಈಗ ಮಧ್ಯಾಹ್ನವಿಡೀ ಅಲ್ಲೇ. ಸುಮ್ಮನೆ ಕೂತವರ ಮುಂದೆ ಅತ್ತೆ ಬೆಳ್ಳುಳ್ಳಿಯ ಬುಟ್ಟಿ ಇಟ್ಟರು. ಮೊದಲ ದಿನ ಅವರು ನಾಲ್ಕು ಎಸಳು ಸುಲಿದು ಕೈಬಿಟ್ಟರು.

"ಗಾಳಿ ಬೇಕಂದ್ರ ಪೂರಾ ಸುಲೀರಿ," ಎಂದರು ಅತ್ತೆ, ಕೂಲರಿನ ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡು.