ಒರೆಸಿ ಸವೆದ ಹಸಿರು

ನನ್ನ ಕೆಲಸ ಹಲ್ಲಿನ ಸೆಟ್ ಮಾಡುವುದು. ದೋಹಾದ ಅಲ್ ಸದ್ದ್‌ನ ಒಂದು ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಹನ್ನೆರಡು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಹಾಲಿನಷ್ಟು ಬೆಳ್ಳಗಿನ ಹಲ್ಲು ಯಾರ ಬಾಯಲ್ಲೂ ಇರುವುದಿಲ್ಲ. ಅಂಚಿಗೆ ಚೂರು ಹಳದಿ, ಅಲ್ಲಲ್ಲಿ ಚಹಾದ ಕಲೆ, ಪಕ್ಕದ್ದಕ್ಕಿಂತ ಕೂದಲೆಳೆಯಷ್ಟು ವಾರೆಯಾದ ಒಂದು ಹಲ್ಲು, ಇಷ್ಟಿದ್ದರೆ ಮಾತ್ರ ನೋಡಿದವರು ನಂಬುತ್ತಾರೆ. ಈ ವಿಷಯದಲ್ಲಿ ನನಗೆ ಜಂಬವಿದೆ, ಇಲ್ಲ ಅನ್ನುವುದಿಲ್ಲ.

ಕಾಕಾ ಪರಿಚಯವಾದದ್ದೂ ಹಲ್ಲಿನಿಂದಲೇ. ಒಬ್ಬ ವಯಸ್ಸಾದ ಕತಾರಿ ಯಜಮಾನರನ್ನು ಕ್ಲಿನಿಕ್ಕಿಗೆ ಕರೆತರುತ್ತಿದ್ದ ಡ್ರೈವರ್ ಅವರು, ಮಂಗಳೂರು ಕಡೆಯ ಬ್ಯಾರಿ. ನಾನು ಮೈಸೂರಿನ ಅಮ್ಮನ ಜೊತೆ ಫೋನಿನಲ್ಲಿ ಜಗಳವಾಡುವುದನ್ನು ಕೇಳಿಸಿಕೊಂಡು, "ಓ, ನೀವು ನಮ್ಮ ಊರಿನವರಾ ಮೇಡಂ?" ಎಂದಿದ್ದರು. ಯಜಮಾನರಿಗೆ ಹೊಸ ಸೆಟ್ ಕೂರಿಸಿದ ದಿನ ಬಹಳ ಹೊತ್ತು ಅವರ ಬಾಯನ್ನೇ ನೋಡಿ, "ಅರ್ಬಾಬ್‌ಗೆ ಅವರದ್ದೇ ಹಲ್ಲು ವಾಪಸ್ ಬಂದ ಹಾಗೆ ಉಂಟು" ಎಂದರು. ಅಂಥ ಮೆಚ್ಚುಗೆ ನನಗೆ ಯಾವ ಡಾಕ್ಟರೂ ಕೊಟ್ಟಿಲ್ಲ.

ಕಳೆದ ಚಳಿಗಾಲದಲ್ಲಿ ಯಜಮಾನರು ತೀರಿಕೊಂಡರು. ಅವರಿಗೆ ಒಂದು ಹಳೇ ಅಮೆರಿಕನ್ ಕಾರಿತ್ತು, ಕಡು ಹಸಿರು, ದೋಣಿಯಷ್ಟು ಉದ್ದ. ಮಕ್ಕಳು ಅದನ್ನು ಮದೀನತ್ ಖಲೀಫಾದ ವಿಲ್ಲಾದಲ್ಲಿ ಗಾಜಿನ ಕೋಣೆ ಕಟ್ಟಿಸಿ ನಿಲ್ಲಿಸಿದರು. ಅದನ್ನು ಮೂವತ್ತೊಂದು ವರ್ಷ ಓಡಿಸಿದ ಕಾಕಾಗೆ ಊರಿಗೆ ಟಿಕೆಟ್ ಕೊಟ್ಟರು. ಜೊತೆಗೆ ನೆನಪಿಗೆಂದು ಅದೇ ಕಾರಿನ ಮಾದರಿ, ಗೇಣಿಗಿಂತ ಸ್ವಲ್ಪ ಉದ್ದದ್ದು.

ಕಾಕಾ ಆ ಮಾದರಿಯ ಡಬ್ಬ ಹಿಡಿದುಕೊಂಡು ಕ್ಲಿನಿಕ್ಕಿಗೆ ಬಂದರು.

"ಇದು ನಮ್ಮ ಕಾರು ಅಲ್ಲ ಮೇಡಂ, ಅಂಗಡಿಯ ಕಾರು. ನಮ್ಮದರ ಹಾಗೆ ಮಾಡಿ ಕೊಡ್ಲಿಕ್ಕೆ ಆಗ್ತದಾ?"

"ನಾನು ಹಲ್ಲು ಮಾಡೋಳು ಕಾಕಾ."

"ಅದಕ್ಕೇ ಕೇಳಿದ್ದು."

ಆಮೇಲೆ ವಿಷಯ ಹೇಳಿದರು. ಅವರ ಹೆಂಡತಿ ಒಮ್ಮೆಯೂ ಕತಾರಿಗೆ ಬಂದವರಲ್ಲ. ಕಾಕಾನ ಡ್ರೈವರ್ ವೀಸಾದಲ್ಲಿ ಮನೆಯವರನ್ನು ಕರೆಸುವಂತಿರಲಿಲ್ಲ. "ಫೋಟೋ ಕಳಿಸಿದ್ದೇನೆ. ಫೋಟೋದಲ್ಲಿ ಎಲ್ಲಾ ಕಾರೂ ಒಂದೇ. ಇಷ್ಟು ವರ್ಷ ನಾನು ಇಲ್ಲಿ ಎಂತ ಮಾಡ್ತಾ ಇದ್ದೆ ಅಂತ ಅವಳಿಗೆ ಸರಿಯಾಗಿ ತೋರಿಸ್ಬೇಕು. ಬೇರೆ ಎಂತ ಉಂಟು ನನ್ನ ಹತ್ತಿರ ತೋರಿಸ್ಲಿಕ್ಕೆ?" ವಿಮಾನಕ್ಕೆ ಹತ್ತು ದಿನವಿತ್ತು. ಇಲ್ಲವೆನ್ನಲು ಬಾಯಿ ಬರಲಿಲ್ಲ.

ಸಂಜೆ ಕೆಲಸ ಮುಗಿಸಿ ಮನೆಗೆ ಬಂದು ಊಟದ ಮೇಜಿನ ಮೇಲೆ ಕಾರು ಬಿಚ್ಚಿಕೊಂಡು ಕೂರುತ್ತಿದ್ದೆ. ಹೆಡ್‌ಲೈಟಿನ ಗಾಜಿನ ಹಿಂದೆ ಒಂದು ಮೊಳೆ ಎದ್ದು ಕಾಣುತ್ತಿತ್ತು. ಹಲ್ಲು ಕೊರೆಯುವ ಸಣ್ಣ ಡ್ರಿಲ್ಲಿನಿಂದ ಅದನ್ನು ತೆಗೆದೆ. ಹೆಬ್ಬೆರಳಷ್ಟು ದಪ್ಪವಿದ್ದಂತೆ ಕಾಣುತ್ತಿದ್ದ ಸ್ಟೀರಿಂಗನ್ನು ಉಜ್ಜಿ ಉಜ್ಜಿ ಸಣ್ಣ ಮಾಡಿದೆ. ಕಾಕಾನ ಮೊಬೈಲ್ ಚಿತ್ರ ನೋಡಿಕೊಂಡು ಹಿಂದಿನ ಸೀಟಿನ ಚರ್ಮಕ್ಕೆ ಬಿರುಕು ಬಿಡಿಸಿದೆ. "ಕಾರಿಗೂ ಹಲ್ಲು ಕಟ್ತಿದ್ದೀಯಾ?" ಎಂದು ಗಂಡ ರೇಗಿಸಿದರು. ಕಡೆಗೆ ಅಚ್ಚು ತೆಗೆಯುವ ಪ್ಲಾಸ್ಟರ್ ಪುಡಿಯನ್ನು ಬ್ರಷ್ಷಿನಲ್ಲಿ ಉದುರಿಸಿ, ಮೈತುಂಬ ದೋಹಾದ ಧೂಳು ಹಿಡಿಸಿದೆ. ಪುಡಿಯ ಬಣ್ಣವೂ ಥೇಟ್ ಆ ಧೂಳಿನದ್ದೇ. ನನಗೇ ಭೇಷ್ ಎಂದುಕೊಂಡೆ.

ಹೊರಡಲು ಮೂರು ದಿನವಿದ್ದಾಗ ಕಾಕಾ ಮನೆಗೆ ಬಂದರು. ಕಾರು ನೋಡಿದರು. ಮುಖ ಸಣ್ಣದಾಯಿತು.

"ಇದು ಯಾರ ಕಾರು ಮೇಡಂ?"

"ನಿಮ್ದೇ. ಯಾಕೆ?"

"ಧೂಳು ಉಂಟಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ವಾರದ ಸಂಜೆಗಳನ್ನು ಅದಕ್ಕೆ ಸುರಿದಿದ್ದೆ. "ದೋಹಾದಲ್ಲಿ ಧೂಳಿಲ್ಲದ ಕಾರು ಎಲ್ಲಿದೆ ತೋರಿಸಿ ಕಾಕಾ" ಎಂದೆ, ಸ್ವಲ್ಪ ಜೋರಾಗಿಯೇ.

"ಇತ್ತು," ಎಂದರು ಅವರು. "ಇಲ್ಲದಿದ್ರೆ ನಾನು ಯಾಕೆ ಇದ್ದದ್ದು? ಬೆಳಿಗ್ಗೆ ಸುಬಹಿ ನಮಾಜ್ ಆದ ಕೂಡ್ಲೆ ದಿನಾ ಒರೆಸಿದ್ದೇನೆ. ಜ್ವರ ಬಂದ ದಿನ ಸಹ. ಇದನ್ನು ನೋಡಿದ್ರೆ ಅವಳು ಎಂತ ಎಣಿಸ್ತಾಳೆ? ಇವರು ಅಲ್ಲಿ ಮಲಗಿಕೊಂಡಿದ್ರು ಅಂತ."

ತಪ್ಪು ನನ್ನದೇ. ಕಾರನ್ನು ನೋಡಿದ್ದೆ, ಅದರ ಪಕ್ಕದಲ್ಲಿ ಬಟ್ಟೆ ಹಿಡಿದು ನಿಂತ ಮನುಷ್ಯನನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅದೂ ನಾನು. ಗಟ್ಟಿಯಾಗಿ ಬ್ರಷ್ ಮಾಡುವವರ ಹಲ್ಲು ಒಸಡಿನ ಹತ್ತಿರ ಸವೆದಿರುತ್ತದೆ, ಬಲಗೈಯವರಿಗೆ ಎಡಗಡೆ ಹೆಚ್ಚು. ಹಲ್ಲು ನೋಡಿ ಉಜ್ಜಿದ ಕೈ ಯಾವುದೆಂದು ಹೇಳುವವಳು, ಕಾರಿನ ಮುಂದೆ ಪೆದ್ದಿಯಾಗಿದ್ದೆ.

"ಹೇಗೆ ಒರೆಸ್ತಿದ್ರಿ, ಮಾಡಿ ತೋರಿಸಿ" ಎಂದೆ.

ಕಾಕಾ ಎದ್ದು ನಿಂತು ಬರಿಗೈಯಲ್ಲೇ ಗಾಳಿಯನ್ನು ಒರೆಸಿದರು. ಬಾನೆಟ್ಟಿನ ನಡುಗೆರೆಯ ಮೇಲೆ ಉದ್ದಕ್ಕೆ ಎರಡು ಸಲ. ಹಿಂಬಾಗಿಲಿನ ಹಿಡಿಯ ಸುತ್ತ ಹೆಬ್ಬೆರಳು ಒತ್ತಿ, ನಿಧಾನವಾಗಿ. ಯಜಮಾನರ ಕೈ ತಾಗುವ ಜಾಗವಂತೆ ಅದು. ನಾನು ಮಾದರಿಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿಕೊಂಡೆ.

ಧೂಳನ್ನೆಲ್ಲ ತೊಳೆದೆ. ಹಲ್ಲಿಗೆ ಹೊಳಪು ಕೊಡುವ ಮೆತ್ತನೆಯ ಚಕ್ರದಿಂದ ಆ ಗುರುತುಗಳ ಮೇಲಷ್ಟೇ ಹಸಿರನ್ನು ತೆಳುಮಾಡುತ್ತಾ ಹೋದೆ. ನಡುಗೆರೆಯ ಮೇಲೆ ಒಳಗಿನ ಬೂದು ಬಣ್ಣ ಕಂಡೂ ಕಾಣದಂತೆ ಬಂತು. ಹಿಡಿಯ ಸುತ್ತ ಉಗುರಿನಷ್ಟು ಜಾಗ ಪೂರ್ತಿ ಮಾಸಿತು. ಉಳಿದದ್ದೆಲ್ಲ ಮುಖ ಕಾಣುವಷ್ಟು ಹೊಳೆಯಿತು. ಗುರುವಾರ ಕಾಕಾ ಬಂದು ಕಾರನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹಿಂಬಾಗಿಲಿನ ಹಿಡಿಯ ಮೇಲೆ ಹೆಬ್ಬೆರಳಿಟ್ಟು ಒಮ್ಮೆ ಸವರಿದರು. "ಹಾಂ, ಖಲಾಸ್, ಸರಿಯಾಯ್ತು. ಇದು ನಮ್ಮದು" ಎಂದರು. ಕಣ್ಣು ಒದ್ದೆಯಾಗಿತ್ತು. ನನ್ನದೂ ಆಯಿತು.

ಒಂದು ತಿಂಗಳಾದ ಮೇಲೆ ಊರಿನಿಂದ ವಿಡಿಯೋ ಕಾಲ್ ಬಂತು. ಮಾತಾಡಿದ್ದು ಕಾಕಾನ ಹೆಂಡತಿ.

"ಕಾರು ಕೈಗೆ ಕೊಟ್ಟ ಕೂಡ್ಲೆ ನಾನು ಹೇಳಿದೆ, ಇದರ ಬಣ್ಣ ಹೋಗಿದೆಯಲ್ಲ ಅಂತ. ನಾನು ಒರೆಸಿ ಹೋದದ್ದು ಅಂತ ಇವರು ಅಂದ್ರು. ಇಲ್ಲಿ ಮನೆಯ ಒಂದು ಕಿಟಕಿ ಒರೆಸಿದವರಲ್ಲ ಮೇಡಂ ಇವರು." ಹೇಳುತ್ತಾ ನಕ್ಕರು. ಆಮೇಲೆ ನಗಲಿಲ್ಲ.

ಹಿಂದಿನಿಂದ ಕಾಕಾನ ದನಿ: "ಈಗ ಒರೆಸ್ತೇನಲ್ಲ."

"ಹೌದು, ಈಗ ಬೆಳಿಗ್ಗೆ ಎದ್ದು ಎಲ್ಲಾ ಕಿಟಕಿ ಒರೆಸ್ತಾರೆ. ಕಾರು ಒರೆಸುದು ನಾನು."

ದಿನಾ ಒರೆಸಿದರೆ ಉಳಿದ ಬಣ್ಣವೂ ಹೋಗುತ್ತದೆ, ನಾನು ತೆಳುಮಾಡಿಟ್ಟಿದ್ದೇನೆ ಎಂದೆ.

"ಹೋಗ್ಲಿ ಬಿಡಿ ಮೇಡಂ," ಎಂದರು ಅವರು. "ಇಷ್ಟು ಹೋಗಿದೆಯಲ್ಲ."