ಹೂವಿಗೆ ಪಟ್ಟಿ ಕಟ್ಟಿದ ಮಂದಾಕ್ಕ

ನಮ್ಮ ಮನೆಯಲ್ಲಿ ಕುಂಬಳಕಾಯಿ ಹೆಚ್ಚಿದರೆ ಮೊದಲ ಹೋಳು ಒಗ್ಗರಣೆಗೆ ಹೋಗುವುದಿಲ್ಲ, ನನ್ನ ಬಾಯಿಗೆ ಬರುತ್ತದೆ. ಅದೂ ಹಸಿಯದು. ಇವತ್ತು ಬೆಳಿಗ್ಗೆ ಈಳಿಗೆಯ ಮುಂದೆ ಕೂತಿದ್ದ ನನ್ನ ಹೆಂಡತಿ ಉಗುರಿನಷ್ಟು ಚೂರೊಂದನ್ನು ನನ್ನತ್ತ ಚಾಚಿ, "ನೋಡ್ರಿ, ಪಾಸೋ ಫೇಲೋ?" ಎಂದಳು. ನಾನು ಪೇಪರು ಮಡಿಚಿಟ್ಟು, ಚೂರನ್ನು ನಾಲಗೆಯ ತುದಿಗೆ ಮುಟ್ಟಿಸಿ, ಪರೀಕ್ಷಕನ ಗಾಂಭೀರ್ಯದಿಂದ ತಲೆಯಾಡಿಸಿದೆ. ಊರಿಂದ ಬಂದಿದ್ದ ನಾದಿನಿಗೆ ನಗು ತಡೆಯಲಾಗಲಿಲ್ಲ. ನೀವೂ ನಗಬಹುದು. ಆದರೆ ಈ ರೂಢಿಯ ಹಿಂದೆ ನನ್ನದೊಂದು ತಪ್ಪಿದೆ.

ನಾಗಪುರದ ಹಿಂಗಣಾ ರಸ್ತೆಗೆ ಹತ್ತಿಕೊಂಡಿರುವ ನಮ್ಮ ಕಾಲನಿಯಲ್ಲಿ ಸಭಾಭವನಕ್ಕೆಂದು ಬಿಟ್ಟ ಖಾಲಿ ಜಾಗವಿದೆ. ಭವನ ಏಳುವ ಲಕ್ಷಣ ಕಾಣದಿದ್ದಾಗ ಹಿರಿಯರು ಅದನ್ನು ತುಂಡು ತುಂಡಾಗಿ ಹಂಚಿ, ಬೇಕಾದವರು ತರಕಾರಿ ಬೆಳೆದುಕೊಳ್ಳಿ ಎಂದರು. ಒಳ್ಳೆಯ ಎರೆಮಣ್ಣು. ಎಲ್ಲರೂ ಮೆಂತ್ಯ, ಬದನೆ, ಕೊತ್ತಂಬರಿ ಹಾಕಿದರು. ಸಿವಿಲ್ ಲೈನ್ಸಿನ ಕಚೇರಿಯಲ್ಲಿ ದಿನವಿಡೀ ಎಲ್ಲರಂತೆ ಕೂತು ಎಲ್ಲರಂತೆ ಎದ್ದು ಬರುವ ನನಗೆ ಇಲ್ಲಾದರೂ ಬೇರೆಯಾಗಿ ಕಾಣುವ ಚಪಲ. ಯಾವುದೋ ಪ್ರದರ್ಶನದಲ್ಲಿ ಮನಸೋತು ತಂದ ವಿಲಾಯ್ತಿ ಕುಂಬಳದ ಬೀಜ ಊರಿದೆ. ಒಂದು ಜಾತಿ ತಟ್ಟೆಯ ಹಾಗೆ ಚಪ್ಪಟೆ, ಅಂಚಿಗೆಲ್ಲ ನೆರಿಗೆ. ಇನ್ನೊಂದು ಉದ್ದ, ಮೈತುಂಬ ಹಸಿರು ಪಟ್ಟೆ. ಮೂರನೆಯದು ಮುಷ್ಟಿಯಷ್ಟೇ, ಅರ್ಧ ಹಳದಿ ಅರ್ಧ ಹಸಿರು, ತಿನ್ನುವುದಕ್ಕಲ್ಲ, ನೋಡುವುದಕ್ಕೆ.

ಆ ಚಳಿಗಾಲದ ಸುಖವನ್ನು ಹೇಗೆ ಹೇಳಲಿ? ಕಚೇರಿಗೆ ಹೊರಡುವ ಮೊದಲು ಇಬ್ಬನಿಯಲ್ಲಿ ನೆನೆದ ಒರಟು ಎಲೆಯನ್ನು ಎತ್ತಿದರೆ, ನಿನ್ನೆ ನಿಂಬೆಯಷ್ಟಿದ್ದದ್ದು ಇವತ್ತು ಅಂಗೈ ತುಂಬುವಂತಿರುತ್ತಿತ್ತು. ಓಡಾಡುವವರು ನಿಂತು "ಹಾ ಕಾಯ್ ಭೋಪಳಾ?" ಎಂದು ಕೇಳುವರು. ಹೌದು, ಇದೂ ಕುಂಬಳವೇ ಎಂದು ನಾನು ದೀರ್ಘವಾಗಿ ವಿವರಿಸುವೆನು. ಹೆಂಡತಿ ಹೇಳುವಂತೆ, ಕೇಳದವರಿಗೂ ವಿವರಿಸುತ್ತಿದ್ದೆ.

ಮೂರೂ ಜಾತಿಗಳನ್ನು ಅಕ್ಕಪಕ್ಕದಲ್ಲೇ ಬೆಳೆದಿದ್ದೆ. ತಿನ್ನುವ ಎರಡರ ಬೀಜ ತೆಗೆದು ಒಣಗಿಸಿ, ಹಳೆಯ ಲಗ್ನಪತ್ರಿಕೆಗಳ ಲಕೋಟೆಯಲ್ಲಿ ತುಂಬಿ, ಮೇಲೆ ಹೆಸರು ಬರೆದು ಸಹಿ ಹಾಕಿ, ಹನ್ನೊಂದು ಮನೆಗಳಿಗೆ ಹಂಚಿದೆ. ಅದರಲ್ಲೊಂದು ಮಂದಾಕ್ಕನದು. ಮಂದಾಕ್ಕ ಕಲಬುರಗಿಯಲ್ಲಿ ಹುಟ್ಟಿ, ನಾಗಪುರಕ್ಕೆ ಮದುವೆಯಾಗಿ ಬಂದು, ಇಲ್ಲೇ ನರ್ಸ್ ಆಗಿ ನಿವೃತ್ತರಾದವರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಮಗಳು ಸ್ಮಿತಾಳೊಂದಿಗೆ ಇದ್ದಾರೆ.

"ಸಾಹೇಬ್ರ, ಹೆಸರರೆ ಚಲೋ ಬರದೀರಿ. ಕಾಯಿ ಬರೋಬರ್ ಬರ್ತಾವಲ್ಲ?" ಎಂದರು.

"ಗ್ಯಾರಂಟಿ ಮಂದಾಕ್ಕ," ಎಂದೆ.

ಮರುವರ್ಷ ಅವರ ಬಳ್ಳಿಯಲ್ಲಿ ಬಂದ ಕಾಯಿ ತಟ್ಟೆಯೂ ಅಲ್ಲ, ಚೆಂಡೂ ಅಲ್ಲ. ಹೊಸ ತಳಿಯೇ ಹುಟ್ಟಿತೆಂದು ನಾನು ಹಿಗ್ಗಿದೆ. ಒಂದು ದಿನ ಕಚೇರಿಯಲ್ಲಿದ್ದಾಗ ಸ್ಮಿತಾಳ ಫೋನು ಬಂತು. "ಕಾಕಾ, ಆಯಿಗೆ ಒಂದೇ ಸಮನೆ ವಾಂತಿ. ದವಾಖಾನೆಗೆ ಕರಕೊಂಡು ಬಂದೀನಿ. ಆ ಕುಂಬಳ ಯಾವ್ದು ಅಂತ ಡಾಕ್ಟರ್ ಕೇಳ್ತಿದಾರ."

ನಾನು ಹೋದಾಗ ಮಂದಾಕ್ಕನ ಕೈಗೆ ಸಲೈನ್ ಹಚ್ಚಿದ್ದರು. ಮುಖ ಬಿಳಿಚಿಕೊಂಡಿತ್ತು.

"ಬಾಯಾಗ ಇಟ್ಟಾಗನ ಕಡು ಕಹಿ ಅನಿಸ್ತು," ಎಂದರು ಮೆಲ್ಲಗೆ. "ನೀವು ಗ್ಯಾರಂಟಿ ಅಂದಿದ್ರಲ್ಲ. ವಿಲಾಯ್ತಿ ರುಚಿನ ಹಿಂಗಿರಬೇಕು ಅಂತ ಪೂರಾ ತಿಂದೆ."

ಅದರಲ್ಲಿ ಬೈಗುಳವಿರಲಿಲ್ಲ. ಬೈದಿದ್ದರೆ ನಾನು ಏನಾದರೂ ಸಬೂಬು ಹೇಳುತ್ತಿದ್ದೆ.

ಕೃಷಿ ಕಾಲೇಜಿನಲ್ಲಿ ಪಾಠ ಮಾಡುವ ಪರಿಚಿತರೊಬ್ಬರನ್ನು ಕೇಳಿದೆ. ನೋಡುವುದಕ್ಕಷ್ಟೇ ಬೆಳೆಸಿದ ಆ ಪುಟ್ಟ ಕಾಯಿಯ ಪರಾಗವನ್ನು ಜೇನುಹುಳುಗಳು ತಿನ್ನುವ ಜಾತಿಯ ಹೂವಿಗೆ ತಂದು ಮುಟ್ಟಿಸಿವೆ. ಆ ವರ್ಷದ ಕಾಯಿಗೆ ಏನೂ ಆಗದು, ಬೀಜದಲ್ಲಿ ಮಾತ್ರ ಕಹಿ ಕೂತು ಮರುವರ್ಷದ ಕಾಯಿಗೆ ಇಳಿಯುತ್ತದೆ, ಅಂಥ ಕಹಿ ವಿಷವೇ ಎಂದರು. ಅದೇ ಸಂಜೆ ಹನ್ನೊಂದು ಮನೆಗಳ ಬಾಗಿಲು ತಟ್ಟಿ, ನನ್ನ ಬೀಜದ ಕಾಯಿ ತಿನ್ನಬೇಡಿ ಎಂದು ಹೇಳಿ ಬಂದೆ. ಬೀಜ ಕೊಡುವಾಗ ಇದ್ದ ಮಾತುಗಾರಿಕೆ ಅವತ್ತು ಇರಲಿಲ್ಲ. ಮರುದಿನ ಬಳ್ಳಿಗಳನ್ನೆಲ್ಲ ಕಿತ್ತೆ.

ಎರಡು ವಾರದ ಮೇಲೆ ಮಂದಾಕ್ಕ ಬಂದು ನನ್ನ ಬೋಳು ಪಾತಿಯನ್ನು ನೋಡಿದರು.

"ಇನ್ನ ಏನ್ ಹಾಕ್ತೀರಿ?"

"ಮೆಂತ್ಯ."

"ಮೆಂತ್ಯ ಎಲ್ಲಾರೂ ಹಾಕ್ಯಾರ. ನೀವು ಬ್ಯಾರೆ ಏನರೆ ಹಾಕ್ರಿ. ಆದರ ಈ ಸಲ ಕಲ್ತು ಹಾಕ್ರಿ."

ಮುಂದಿನ ದಸರೆ ಮುಗಿದ ಮೇಲೆ ತಿನ್ನುವ ಜಾತಿಗಳ ಹೊಸ ಬೀಜ ಮಾತ್ರ ತರಿಸಿದೆ. ಜಾತಿ ಕೆಡದಂತೆ ಬೀಜ ಬೇಕೆಂದರೆ ನಾಳೆ ಅರಳುವ ಹೂವಿನ ಬಾಯಿಯನ್ನು ಇಂದೇ ಸಂಜೆ ಮುಚ್ಚಬೇಕು, ಹುಳು ಹೋಗಬಾರದು. ನಾನು ದಾರ ಕಟ್ಟಿದರೆ ಎಸಳೇ ಹರಿಯುತ್ತಿತ್ತು. ಮಂದಾಕ್ಕ ಮನೆಯಿಂದ ಗಾಯಕ್ಕೆ ಹಚ್ಚುವ ಬಿಳಿ ಪಟ್ಟಿಯ ಸುರುಳಿ ತಂದರು. ಬೆರಳುದ್ದದ ತುಂಡುಗಳನ್ನು ಹರಿದು ತಮ್ಮ ಮುಂಗೈ ಮೇಲೆ ಸಾಲಾಗಿ ಅಂಟಿಸಿಕೊಂಡು, ಒಂದೊಂದೇ ಹೂವಿನ ತುದಿಗೆ ಸುತ್ತಿದರು. ಬೆಳಿಗ್ಗೆ ಅದೇ ಜಾತಿಯ ಗಂಡು ಹೂವಿನ ಎಸಳು ಬಿಡಿಸಿ, ಹೆಣ್ಣು ಹೂವಿನೊಳಗೆ ಮುಟ್ಟಿಸಿ, ಮತ್ತೆ ಪಟ್ಟಿ. ನಾನು ಅವಸರಪಟ್ಟರೆ, "ಜಲ್ದಿ ಮಾಡಬ್ಯಾಡ್ರಿ, ಪೇಶಂಟ್ ಹೆದರ್ತದ," ಎನ್ನುತ್ತಿದ್ದರು.

ಹೀಗೆ ಮೂರು ಚಳಿಗಾಲ ಕಳೆದವು. ತಟ್ಟೆ ತಟ್ಟೆಯಾಗಿಯೇ ಬಂತು, ಪಟ್ಟೆ ಪಟ್ಟೆಯಾಗಿಯೇ. ಬೀಜವನ್ನು ಯಾರಿಗೂ ಕೊಡುವ ಮೊದಲು ನಾವೇ ಬೆಳೆದು, ತಿಂದು ನೋಡುತ್ತಿದ್ದೆವು. 'ನಾವು' ಎಂದೆ, ನಿಜವಾಗಿ ತಿನ್ನುತ್ತಿದ್ದವನು ನಾನು. ಮಂದಾಕ್ಕ ಕಾಯಿಯನ್ನು ಒಯ್ಯುತ್ತಿದ್ದರು, ಹಂಚುತ್ತಿದ್ದರು. ನನ್ನ ಹೆಂಡತಿ ಪಲ್ಯ ಕೊಟ್ಟರೆ "ಸ್ಮಿತಾಗ ಭಾಳ ಸೇರ್ತದ" ಎಂದು ಡಬ್ಬಿ ಮುಚ್ಚಿಬಿಡುತ್ತಿದ್ದರು. ನಾನು ಗಮನಿಸಿದ್ದೆ. ಕೇಳುವ ಧೈರ್ಯವಾಗಿರಲಿಲ್ಲ.

ಇವತ್ತು ಭಾನುವಾರ. ಮಧ್ಯಾಹ್ನ ನಾನು ಪಾತಿಗೆ ನೀರು ಹಾಕುತ್ತಿದ್ದೆ. ಮಂದಾಕ್ಕ ಬದುವಿನ ಮೇಲೆ ಕೂತು ತಮ್ಮ ಡಬ್ಬಿ ಬಿಚ್ಚಿದರು. ಜೋಳದ ರೊಟ್ಟಿ, ಪಕ್ಕದಲ್ಲಿ ಪಲ್ಯ. ನೆರಿಗೆಯ ಅಂಚು ಹಾಗೇ ಉಳಿದ ಹೋಳುಗಳು. ತುತ್ತು ಮುರಿದು ಬಾಯಿಗಿಟ್ಟು, ನಿಧಾನವಾಗಿ ಅಗಿದರು. ಇನ್ನೊಂದು ತುತ್ತು ಮುರಿದರು. ನನ್ನ ಕೈಯ ಪೈಪಿನಿಂದ ನೀರು ಒಂದೇ ಕಡೆ ಸುರಿಯುತ್ತಿತ್ತು.

"ಹಂಗೇನ್ ನೋಡ್ತೀರಿ? ಉಪ್ಪು ತುಸು ಜಾಸ್ತಿ ಆಗ್ಯದ," ಎಂದರು. ಅರ್ಧ ರೊಟ್ಟಿಯ ಮೇಲೆ ಪಲ್ಯ ಹಾಕಿ ನನ್ನ ಕೈಗಿಟ್ಟರು.

ನಾನು ಬದುವಿನ ಹಸಿ ಮಣ್ಣಿನಲ್ಲೇ ಕೂತೆ. ಉಪ್ಪು ಜಾಸ್ತಿಯೇ ಆಗಿತ್ತು. ಕೇಳಿ ಇನ್ನಷ್ಟು ಹಾಕಿಸಿಕೊಂಡೆ.