ವಿದೋಯೆ ಮರೆತ ಕೆಲಸ

"ಡೆಲ್ಫಿ ಭಾಷೇನ ನಾನು ಮರೆತಿರೋ ಹಾಗೆ ಇಡೀ ಸರ್ಬಿಯಾದಲ್ಲಿ ಇನ್ಯಾರೂ ಮರೆತಿಲ್ಲ ಕಣಯ್ಯಾ!" ಎಂದು ನನ್ನ ನೆರೆಯ ವಿದೋಯೆ ಎದೆ ತಟ್ಟಿಕೊಳ್ಳುತ್ತಿದ್ದ. ಆ ಹಳೆಯ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆದುಕೊಡುವ ಗುತ್ತಿಗೆ ಎರಡು ವರ್ಷದಿಂದ ಅವನಿಗೆ ಒಂದೂ ಸಿಕ್ಕಿರಲಿಲ್ಲ. ಹಾಗಾಗಿ ಐವತ್ತೆರಡನೆಯ ವಯಸ್ಸಿನಲ್ಲಿ ಈಗ ಎಲ್ಲರೂ ಕೇಳುವ ಪೈಥಾನ್ ಭಾಷೆ ಕಲಿಯಲು ಕೂತ. ಅವನ ತಲೆಯ ಕಾವಿಗೆ ನಮ್ಮಿಬ್ಬರ ನಡುಗೋಡೆ ಬಿಸಿಯಾಗಿ, ಆ ಚಳಿಗಾಲ ನಾನು ಸೌದೆಯನ್ನೇ ಒಡೆಯಲಿಲ್ಲ.

ವಸಂತದಲ್ಲಿ ಚಾಚಕ್ ಊರಿನ ಪ್ಲಮ್ ಒಣಗಿಸುವ ಕಾರ್ಖಾನೆಯಿಂದ ಕರೆ ಬಂತು. ಅವರ ಹಳೆಯ ಡೆಲ್ಫಿ ಪ್ರೋಗ್ರಾಮನ್ನು ಪೈಥಾನಿಗೆ ಬದಲಿಸಬೇಕಿತ್ತು. ಇದೂ ಕೈತಪ್ಪಿದರೆ ವಿದೋಯೆಗೆ ಭಾವಮೈದುನನ ಟೈರ್ ಅಂಗಡಿಯೇ ಗತಿ. ನಾನೇ ಕಾರಿನಲ್ಲಿ ಕರೆದೊಯ್ದೆ. "ಬಾಯಿ ಭದ್ರ ಮಾರಾಯ," ಎಂದು ದಾರಿಯುದ್ದಕ್ಕೂ ಹೇಳಿದೆ.

ಆದರೆ ನಮ್ಮಲ್ಲಿ ನಲ್ಲಿ ರಿಪೇರಿಯವನಿಂದ ಹಲ್ಲಿನ ಡಾಕ್ಟರನವರೆಗೆ ಯಾರೂ ಹಿಂದಿನವನನ್ನು ಬೈಯದೆ ಕೆಲಸಕ್ಕೆ ಕೈ ಹಾಕುವುದಿಲ್ಲ. ಕಾರ್ಖಾನೆಯ ಕಂಪ್ಯೂಟರ್ ಪರದೆಯಲ್ಲಿ ಆ ಪ್ರೋಗ್ರಾಂ ನೋಡಿ ವಿದೋಯೆಯೂ ಹಣೆ ಚಚ್ಚಿಕೊಂಡ.

"ಅಯ್ಯೋ ಅಮ್ಮಾವ್ರೇ, ಯಾವ ಕತ್ತೆ ಇದನ್ನ ಮಾಡಿದ್ದು?"

ಯಜಮಾನಿ ಸ್ಲಾವ್ಕಾ ಮೊದಲ ಸಾಲಿನ ಮೇಲೆ ಬೆರಳಿಟ್ಟಳು. ಅಲ್ಲಿ ವಿದೋಯೆಯದೇ ಹೆಸರಿತ್ತು. ಹದಿನಾಲ್ಕು ವರ್ಷದ ಹಿಂದೆ ಯಾರೋ ಮಧ್ಯವರ್ತಿಗೆ ಮನೆಯಲ್ಲೇ ಕೂತು ಬರೆದುಕೊಟ್ಟದ್ದು ಯಾವ ಕಾರ್ಖಾನೆ ಸೇರಿತೆಂದು ಅವನಿಗೂ ಗೊತ್ತಿರಲಿಲ್ಲ.

"ಈ ಕತ್ತೆಗೇ ಮತ್ತೆ ಯಾಕ್ರೀ ಕೆಲಸ ಕೊಡಲಿ?" ಎಂದಳು ಸ್ಲಾವ್ಕಾ.

ನಾನು ಕಾರಿನ ಕೀಲಿಗೆ ತಡಕಾಡಿದೆ. ವಿದೋಯೆ ಮಾತ್ರ ಕುರ್ಚಿ ಎಳೆದುಕೊಂಡು ಆರಾಮಾಗಿ ಕೂತ.

"ಕೊಡ್ಲೇಬೇಕು ಅಮ್ಮಾವ್ರೇ. ಆ ಕತ್ತೆ ಎಲ್ಲೆಲ್ಲಿ ಒದ್ದಿರುತ್ತೆ ಅಂತ ನನಗಲ್ಲದೆ ಇನ್ಯಾರಿಗೆ ಗೊತ್ತಾಗ್ಬೇಕು?"